ಕಿರುಧಾನ್ಯ ಸಿರಿಧಾನ್ಯವಾದ ಮಾತ್ರಕ್ಕೆ

ಮುಂಬೈ, ಪುಣೆಯಲ್ಲಿ ನಾಚಣಿ, ಚೆನ್ನೈಯಲ್ಲಿ ಕೇಳ್ವರಗು, ಹೈದರಾಬಾದಿನಲ್ಲಿ ರಾಗುಲು, ದೆಹಲಿಗೆ ಬಂದು ನೆಲೆಸಿದ ಉತ್ತರಾಖಂಡದವರ ಬಾಯಲ್ಲಿ ಮಂಡುವಾ. ಹೆಸರು ಹಲವು, ಕಾಳು ಒಂದೇ. ನೆಂಟರು ಬಂದ ದಿನ ಮುದ್ದೆಯನ್ನು ಒಳಗೇ ಮುಚ್ಚಿಟ್ಟು ಅನ್ನ ಬಡಿಸುತ್ತಿದ್ದ ಮನೆಗಳು ಹಳೇ ಮೈಸೂರಿನ ಕಡೆ ಕಡಿಮೆಯೇನಿರಲಿಲ್ಲ. ಈಗ ಅದೇ ರಾಗಿ ಸೂಪರ್ ಮಾರ್ಕೆಟ್ಟಿನ 'ಹೆಲ್ತ್' ಕಪಾಟಿನಲ್ಲಿ ಕೂತಿದೆ.

ಈ ನಡುವೆ ಬದಲಾದದ್ದು ಹೆಸರು. ಸರ್ಕಾರಿ ಕಡತದ 'ಒರಟು ಧಾನ್ಯ' 2018ರಲ್ಲಿ 'ಪೌಷ್ಟಿಕ ಧಾನ್ಯ'ವಾಯಿತು, 2023ರ ಬಜೆಟ್ಟಿನಲ್ಲಿ 'ಶ್ರೀ ಅನ್ನ'ವಾಯಿತು. ಕನ್ನಡದಲ್ಲಿ 'ಕಿರು' ಹೋಗಿ 'ಸಿರಿ' ಬಂತು. ಮರ್ಯಾದೆ ಸಿಕ್ಕಿದ್ದು ಒಳ್ಳೆಯದೇ. 2018ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 1,900 ರೂಪಾಯಿಯಿಂದ 2,897ಕ್ಕೆ ಏರಿದ್ದು ಇನ್ನೂ ಒಳ್ಳೆಯದು. ತಕರಾರು ಇರುವುದು ಆ ಮರ್ಯಾದೆಯನ್ನೇ ಔಷಧಿ ಚೀಟಿ ಮಾಡಿಕೊಂಡವರ ಮೇಲೆ.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ 10ರ ಆಸುಪಾಸು. ನಾರಿನಂಶವೂ ಹೆಚ್ಚು. ಈ ಹೆಚ್ಚುಗಾರಿಕೆ ನಿಜ. ಆದರೆ ರಾಗಿಯ ತೂಕದಲ್ಲಿ ಮೂರನೇ ಎರಡು ಭಾಗದಷ್ಟು ಕಾರ್ಬೋಹೈಡ್ರೇಟ್. ಅಕ್ಕಿಯಲ್ಲಿ ಮುಕ್ಕಾಲು ಭಾಗ. ಅಂತರ ಇಷ್ಟೇ. ನುಣ್ಣಗೆ ಬೀಸಿ ಗಂಜಿ ಕಾಯಿಸಿ ಕುಡಿದರೆ ರಕ್ತದ ಸಕ್ಕರೆ ಬೇಗ ಏರುತ್ತದೆ. ಮುದ್ದೆ ಉಂಡವರ ತಟ್ಟೆಯಲ್ಲಿ ಸೊಪ್ಪು, ಅವರೆಕಾಳು, ಬಸ್ಸಾರು ಇರುತ್ತಿತ್ತು. ಉಂಡ ಮೇಲೆ ಹೊಲದ ಗೇಮೆ ಇರುತ್ತಿತ್ತು. ಪೊಟ್ಟಣದೊಳಗೆ ಅವೆರಡೂ ಬರುವುದಿಲ್ಲ. ರಾಗಿ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ನೋಡಿ. ಯಾವುದು ಹೆಚ್ಚಿದೆಯೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೈದಾ, ಸಕ್ಕರೆ ಆದಮೇಲೆ ರಾಗಿಯ ಸರದಿ ಬಂದಿದ್ದರೆ ಅದು ಮೈದಾ ಬಿಸ್ಕತ್ತೇ.

ಉತ್ಪ್ರೇಕ್ಷೆಯಿಂದಲಾದರೂ ಜನ ರಾಗಿಗೆ ಮರಳಿದರಲ್ಲ ಎನ್ನುವವರಿದ್ದಾರೆ. ಆ ಉತ್ಪ್ರೇಕ್ಷೆಗೆ ಬೆಲೆ ತೆರುವವರು ಯಾರು? ರಾಗಿಯನ್ನು ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಅಂಬಲಿ ಹಿಡಿದವರು. ನಾಳೆ ಗಾಳಿ ಬೇರೆ ಕಡೆ ಬೀಸಿದರೆ ಮತ್ತೆ ಬೆಲೆ ತೆರುವವರು ಅದನ್ನು ಬೆಳೆದ ರೈತರು.

ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಯ ಎದುರು ರಾಗಿ ಗೆದ್ದದ್ದು ಆರು ತಿಂಗಳ ಸೆರೆಯಲ್ಲಿ ಕೆಡದೆ ಉಳಿದದ್ದಕ್ಕೆ. ಯಾರದೋ ಕಾಯಿಲೆ ವಾಸಿಮಾಡಿದ್ದಕ್ಕಲ್ಲ. ರಾಗಿಯನ್ನು ಊಟವೆಂದು ಗೌರವಿಸಿದರೆ ಸಾಕು. ಅಂದು ಮುಚ್ಚಿಟ್ಟವರೂ ಇಂದು ಮದ್ದೆಂದು ಮಾರುವವರೂ ಮಾಡದೆ ಬಿಟ್ಟದ್ದು ಅದೊಂದನ್ನೇ.