ನೆಗಡಿ ಬಂತೆಂದು ಮೂಗು ಕೊಯ್ಯಬೇಡಿ: ಹಳೇ ಫಿಯಾಟಿನ ಕಾರ್ಬೊರೇಟರ್ ಬಗ್ಗೆ ನಾಲ್ಕು ಮಾತು

ದನದ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿರುವ ಪ್ರೀಮಿಯರ್ ಪದ್ಮಿನಿ ಕಾರುಗಳು ನಮ್ಮ ಕಡೆಯ ಹಲವು ಊರುಗಳಲ್ಲಿ ಇನ್ನೂ ಇವೆ. ಹೆಸರು ಪದ್ಮಿನಿಯಾದರೂ ಊರವರ ಬಾಯಲ್ಲಿ ಅದು ಫಿಯಾಟೇ. ಸ್ಟೀರಿಂಗ್ ಪಕ್ಕದಲ್ಲಿ ಗೇರು, 1089 ಸಿಸಿ ಎಂಜಿನ್, ಅದರ ತಲೆ ಮೇಲೆ ಒಂದು ಸೊಲೆಕ್ಸ್ ಕಾರ್ಬೊರೇಟರ್. ಮದುವೆ ದಿಬ್ಬಣಕ್ಕೆ, ಆಸ್ಪತ್ರೆಗೆ, ಕೋರ್ಟು ಕಚೇರಿಗೆ ಓಡಾಡಿದ ಕಾರು. ಮಾರಲು ಮನಸ್ಸಿಲ್ಲ, ಓಡಿಸೋಣವೆಂದರೆ ಸ್ಟಾರ್ಟ್ ಆಗುವುದಿಲ್ಲ.

ಗ್ಯಾರೇಜಿಗೆ ತಳ್ಳಿಕೊಂಡು ಹೋದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. ‘ಸೊಲೆಕ್ಸ್ ಪೆಟ್ರೋಲ್ ಕುಡಿಯುತ್ತೆ ಸಾರ್, ಕಿತ್ತು ಬಿಸಾಕಿ. ಹೊಸದು ಹಾಕೋಣ, ಇಲ್ಲಾಂದ್ರೆ ಮಾರುತಿದು ಕೂರಿಸ್ತೀನಿ.’ ಈ ಮಾತನ್ನು ನಾವು ಒಪ್ಪುವುದಿಲ್ಲ. ಹಳೆಯದರ ಮೇಲಿನ ಮೋಹಕ್ಕಲ್ಲ, ಲೆಕ್ಕ ಹಾಕಿಯೇ ಹೇಳುತ್ತಿದ್ದೇವೆ.

ಕಾರ್ಬೊರೇಟರ್ ಮಾಡುವ ಕೆಲಸ ಸರಳ. ಒಳಗೆ ಬರುವ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವುದು. ಅದರಲ್ಲಿ ಕೆಡುವ ಭಾಗಗಳೂ ಬೆರಳೆಣಿಕೆಯಷ್ಟೇ. ಫ್ಲೋಟಿನ ನೀಡಲ್ ಸವೆದರೆ ಪೆಟ್ರೋಲ್ ಉಕ್ಕುತ್ತದೆ. ಜೆಟ್ಟಿನಲ್ಲಿ ಕಸ ಕೂತರೆ ಪಿಕಪ್ ಹೋಗುತ್ತದೆ. ಪಂಪಿನ ಡಯಾಫ್ರಾಮ್ ಹರಿದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಡಿ ಮುಗ್ಗರಿಸುತ್ತದೆ. ಇವೆಲ್ಲ ಒಂದು ರಿಪೇರಿ ಕಿಟ್ಟಿನಲ್ಲಿ ಮುಗಿಯುವ ಕೆಲಸ.

ನಿಜವಾಗಿ ಮುದಿಯಾಗುವುದು ಥ್ರಾಟಲ್ ಶಾಫ್ಟ್ ಕೂರುವ ಜಾಗ. ಹತ್ತಾರು ವರ್ಷ ತಿರುಗಿ ತಿರುಗಿ ಆ ತೂತು ದೊಡ್ಡದಾಗುತ್ತದೆ, ಅಲ್ಲಿಂದ ಕಳ್ಳಗಾಳಿ ನುಗ್ಗುತ್ತದೆ. ಐಡಲ್ ನಿಲ್ಲುವುದಿಲ್ಲ. ಮೆಕ್ಯಾನಿಕ್ ಸ್ಕ್ರೂ ತಿರುಗಿಸಿ ಪೆಟ್ರೋಲ್ ಜಾಸ್ತಿ ಮಾಡುತ್ತಾನೆ, ಆಗ ಮೈಲೇಜ್ ಬೀಳುತ್ತದೆ, ಬೈಗುಳ ಮಾತ್ರ ಸೊಲೆಕ್ಸಿಗೆ. ಪರೀಕ್ಷೆ ಸುಲಭ. ಗಾಡಿ ಐಡಲಿನಲ್ಲಿರುವಾಗ ಶಾಫ್ಟಿನ ಎರಡೂ ತುದಿಗೆ ಗಟ್ಟಿ ಗ್ರೀಸ್ ಮೆತ್ತಿ ನೋಡಿ. ಎಂಜಿನ್ನಿನ ಸದ್ದು ಬದಲಾದರೆ ಗಾಳಿ ಅಲ್ಲೇ ನುಗ್ಗುತ್ತಿದೆ. ಬಿಚ್ಚಿದಾಗ ಕೆಳಗಿನ ಫ್ಲೇಂಜನ್ನು ಗಾಜಿನ ಮೇಲಿಟ್ಟೂ ನೋಡಿ. ನಟ್ಟನ್ನು ಜೋರಾಗಿ ಬಿಗಿದು ಬಿಗಿದು ಅದು ಬಾಗಿರುವುದುಂಟು.

ಈ ಎರಡಕ್ಕೂ ಮದ್ದು ಹೋಬಳಿ ಪೇಟೆಯ ಲೇತ್ ಅಂಗಡಿಯಲ್ಲಿದೆ. ಫ್ಲೇಂಜ್ ಉಜ್ಜಿ ಮಟ್ಟ ಮಾಡುವುದು, ತೂತು ಕೊರೆದು ಹಿತ್ತಾಳೆ ಬುಷ್ ಕೂರಿಸುವುದು. ಬೋರ್‌ವೆಲ್ ಮೋಟಾರಿನ ಶಾಫ್ಟ್ ಸರಿಮಾಡುವ ಕೈಗೆ ಇದು ಕಷ್ಟವೇನಲ್ಲ. ಹೀಗೆ ಮಾಡಿದರೆ ದುಡ್ಡೂ ಊರಲ್ಲೇ ಉಳಿಯುತ್ತದೆ, ಕಸುಬೂ ಉಳಿಯುತ್ತದೆ. ‘ಕಿತ್ತು ಬಿಸಾಕಿ’ ಎನ್ನುವ ಮೆಕ್ಯಾನಿಕ್‌ಗಳ ಮೇಲೆ ನಮಗೆ ಕೋಪವಿಲ್ಲ. ಇಂಜೆಕ್ಷನ್ ಗಾಡಿಗಳ ಮೇಲೆ ಕೆಲಸ ಕಲಿತ ಹುಡುಗರು ಅವರು. ಬಿಚ್ಚಿ ಜೋಡಿಸಲು ಭಯವಾದಾಗ ಬದಲಾಯಿಸುವುದು ಸುಲಭದ ದಾರಿ. ಆದರೆ ಆ ಭಯದ ಬೆಲೆಯನ್ನು ಗಿರಾಕಿ ಯಾಕೆ ಕಟ್ಟಬೇಕು?

ಇನ್ನು ಹೊಸದರ ವಿಚಾರ. ದೆಹಲಿಯ ಕಾಶ್ಮೀರಿ ಗೇಟ್, ಬೆಂಗಳೂರಿನ ಜೆ.ಸಿ. ರೋಡ್ ಕಡೆಯಿಂದ ಬರುವ ನಕಲು ಸೊಲೆಕ್ಸ್‌ಗಳಲ್ಲಿ ಒಳ್ಳೆಯವೂ ಇವೆ, ಕೆಟ್ಟವೂ ಇವೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಹೊಳಪು. ವ್ಯತ್ಯಾಸ ಇರುವುದು ಜೆಟ್ಟಿನಲ್ಲಿ. ಸೊಲೆಕ್ಸ್ ಜೆಟ್ಟಿನ ಮೇಲಿನ ಅಂಕಿ ತೂತಿನ ಅಳತೆ. 120 ಎಂದಿದ್ದರೆ 1.20 ಮಿಲಿಮೀಟರ್. ನಕಲಿನಲ್ಲಿ ಅಂಕಿಯೇ ಇಲ್ಲದಿರಬಹುದು, ಇದ್ದರೂ ತೂತು ಬೇರೆ ಇರಬಹುದು. ಅದಕ್ಕೇ ಹೊಸದು ಕೊಂಡರೂ ಹಳೆಯದರ ಹಿತ್ತಾಳೆ ಜೆಟ್‌ಗಳನ್ನು ಬಿಚ್ಚಿ ಇದಕ್ಕೆ ಹಾಕಿ ನೋಡಿ ಎನ್ನುತ್ತೇವೆ. ಒಂದು ಮಾತು: ಜೆಟ್ಟಿಗೆ ಕ್ಲಚ್ ವೈರಿನ ಎಳೆ ಚುಚ್ಚಲು ಯಾರಿಗೂ ಬಿಡಬೇಡಿ. ಒಮ್ಮೆ ಕೆರೆದರೆ ಅಳತೆ ಹೋಯಿತು.

ಮಾರುತಿ 800ರದ್ದನ್ನು ಕೂರಿಸುವ ಚಾಳಿ ಹಳೆಯದು. ಅದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನಿಗೆಂದು ಮಾಡಿದ್ದು. ಫಿಯಾಟಿಗೆ ನೇರ ಕೂರುವುದಿಲ್ಲ, ನಡುವೆ ಅಡಾಪ್ಟರ್ ಪ್ಲೇಟ್ ಬೇಕು, ಆಕ್ಸಿಲರೇಟರ್ ಕಡ್ಡಿಯನ್ನು ಬಗ್ಗಿಸಬೇಕು. ಸಂತೆಗೆ ಹೋಗಿಬರುವಷ್ಟಕ್ಕೆ ನಡೆದೀತು. ನಾಲ್ಕು ಜನರನ್ನು ಕೂರಿಸಿಕೊಂಡು ಚಾರ್ಮಾಡಿಯೋ ಆಗುಂಬೆಯೋ ಹತ್ತಿಸಿದಾಗ ಉಸಿರು ಸಾಲುವುದಿಲ್ಲ. ಪ್ಲೇಟಿನ ಗ್ಯಾಸ್ಕೆಟ್ ಸರಿಯಿಲ್ಲದಿದ್ದರೆ ಮತ್ತೆ ಅದೇ ಕಳ್ಳಗಾಳಿ. ಯಾವ ಕಾಯಿಲೆಗೆ ಹೋದೆವೋ ಅದನ್ನೇ ದುಡ್ಡು ಕೊಟ್ಟು ತಂದಂತೆ.

ಇಷ್ಟೆಲ್ಲ ಆದ ಮೇಲೂ ಮುಖ್ಯ ವಿಷಯ ಬೇರೆಯೇ ಇದೆ. ಅದು ಪೆಟ್ರೋಲು.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದರು. ನೂರು ಲೀಟರಿನಲ್ಲಿ ಇಪ್ಪತ್ತು ಲೀಟರ್ ಎಥೆನಾಲ್. ಮಂಡ್ಯ, ಬೆಳಗಾವಿಯ ಕಬ್ಬು, ಜೊತೆಗೆ ಮೆಕ್ಕೆಜೋಳ, ಹೀಗೆ ನಾವು ಬೆಳೆದದ್ದೇ ಟ್ಯಾಂಕಿಗೆ ಬರುತ್ತಿದೆ. ರೈತನಿಗೆ ಅದರಿಂದ ಅನುಕೂಲವಿದೆ, ನಾವು ಅದರ ವಿರುದ್ಧವಿಲ್ಲ. ಆದರೆ 1970ರ ದಶಕದ ರಬ್ಬರಿಗೆ ಎಥೆನಾಲ್ ಎಂದರೆ ವಿಷ. ಪೈಪು ಮೆತ್ತಗಾಗಿ ಬಿರಿಯುತ್ತದೆ, ಕಾರ್ಕ್ ಗ್ಯಾಸ್ಕೆಟ್ ಹಾಳಾಗುತ್ತದೆ, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಕೊಳೆಯುತ್ತದೆ. ಪಂಪಿನೊಳಗೆ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಸೇರುವ ಸಾಧ್ಯತೆಯಿದೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಹೊರಗೆ ಸೋರಿದರೆ ಇನ್ನೂ ಅಪಾಯ, ಬಿಸಿ ಎಂಜಿನ್ ಮೇಲೆ ಒಂದು ಕಿಡಿ ಸಾಕು.

ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ. ಹೊಸ ಗಾಡಿಯ ಸೆನ್ಸರ್ ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಕಾರ್ಬೊರೇಟರಿಗೆ ಕಣ್ಣಿಲ್ಲ, ಇಪ್ಪತ್ತರಷ್ಟು ಎಥೆನಾಲ್ ಬಂದರೂ ಹಳೇ ಲೆಕ್ಕದಲ್ಲೇ ಸುರಿಯುತ್ತದೆ. ಮಿಶ್ರಣ ಸುಮಾರು ಶೇ. 8ರಷ್ಟು ತೆಳುವಾಗುತ್ತದೆ, ಎಂಜಿನ್ ಕಾಯುತ್ತದೆ, ಎಳೆತ ಕಡಿಮೆಯಾಗುತ್ತದೆ. 120ರ ಜಾಗಕ್ಕೆ 125ರ ಜೆಟ್ ಹಾಕಿದರೆ ತೂತಿನ ವಿಸ್ತಾರ ಹೆಚ್ಚುವುದೂ ಸುಮಾರು ಶೇ. 8. ಅಂದರೆ ಒಂದು ಚಿಕ್ಕ ಹಿತ್ತಾಳೆ ಜೆಟ್ ಮಾಡುವ ಕೆಲಸಕ್ಕೆ ಇಡೀ ಕಾರ್ಬೊರೇಟರ್ ಬದಲಾಯಿಸುತ್ತಿದ್ದೇವೆ. ಜೆಟ್ ಬದಲಿಸಿದ ಮೇಲೆ ಐಡಲ್ ಸ್ಕ್ರೂ ಸರಿಮಾಡಿಸಿ ಎಮಿಷನ್ ಟೆಸ್ಟ್ ಮಾಡಿಸಿ. ಇಷ್ಟು ಹಳೆಯ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 3.

ಆದ್ದರಿಂದ ಒರಿಜಿನಲ್ಲೋ ನಕಲೋ ಎಂದು ಜಗಳವಾಡುವ ಮೊದಲು ಪೈಪು, ಡಯಾಫ್ರಾಮ್, ಗ್ಯಾಸ್ಕೆಟ್ ಎಲ್ಲವನ್ನೂ ಎಥೆನಾಲ್ ತಡೆಯುವಂಥದ್ದಕ್ಕೆ ಬದಲಾಯಿಸಿ. ಪೈಪಿನ ಮೇಲೆ ಜೆ30 ಆರ್9 ಎಂದು ಅಚ್ಚಾಗಿದೆಯೇ ನೋಡಿ ಕೊಳ್ಳಿ. ಗಾಡಿಯನ್ನು ತಿಂಗಳುಗಟ್ಟಲೆ ಪೆಟ್ರೋಲ್ ತುಂಬಿ ನಿಲ್ಲಿಸಬೇಡಿ. ಎಥೆನಾಲ್ ನೀರು ಹೀರುತ್ತದೆ, ಮಳೆಗಾಲದಲ್ಲಿ ಕೇಳುವುದೇ ಬೇಡ. ಆ ನೀರು ಟ್ಯಾಂಕಿನಲ್ಲಿ ತುಕ್ಕು ಹಿಡಿಸಿ ಅದೇ ಕಸವಾಗಿ ಜೆಟ್ಟಿಗೆ ಬರುತ್ತದೆ. ಬಂಕ್‌ಗಳು ಶೇಕಡಾ ಎಷ್ಟು ಎಥೆನಾಲ್ ಎಂಬುದನ್ನು ಪಂಪಿನ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕು ಎಂಬುದು ನಮ್ಮ ಬೇಡಿಕೆ. ಕಬ್ಬು ಬೆಳೆದವನಿಗೇ ತನ್ನ ಗಾಡಿಗೆ ಏನು ಹೋಗುತ್ತಿದೆ ಎಂದು ತಿಳಿಯದಿದ್ದರೆ ಹೇಗೆ?

ಹೊಸದು ಹಾಕಲೇಬಾರದು ಎಂದು ನಾವು ಹೇಳುತ್ತಿಲ್ಲ. ಹಳೆಯದರ ಮೈ ಬಿರುಕು ಬಿಟ್ಟಿದ್ದರೆ, ಸ್ಕ್ರೂ ಹಿಡಿಯುವ ಮರೆಯೇ ಕಿತ್ತುಹೋಗಿದ್ದರೆ ಒಳ್ಳೆಯ ನಕಲು ಕೊಳ್ಳಿ, ಅದರಲ್ಲಿ ಅವಮಾನವಿಲ್ಲ. ಮಗಳನ್ನು ಕಾಲೇಜಿಗೆ ದಿನಾ ಬಿಡಬೇಕಾದವರಿಗೆ ಗಾಡಿ ಓಡುವುದೇ ಮುಖ್ಯ.

ಆದರೆ ಕಳಚಿದ್ದನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಷರತ್ತು ಏನೆಂದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 1970ರ ದಶಕದ ಮೊದಲ ಫಿಯಾಟುಗಳು ಆ ವಯಸ್ಸಿಗೆ ಬಂದಾಗಿದೆ. ಆ ದಾರಿ ಹಿಡಿಯುವವರಿಗೆ, ಅಥವಾ ಮುಂದೆ ಒಳ್ಳೆಯ ಬೆಲೆಗೆ ಮಾರುವವರಿಗೆ, ಎಂಜಿನ್ ಮೇಲೆ ಹಳೇ ಸೊಲೆಕ್ಸ್ ಕೂತಿದ್ದರೆ ಮಾತಿಗೆ ತೂಕ. ಗುಜರಿಯವನ ತಕ್ಕಡಿಯಲ್ಲಿ ಅದಕ್ಕೆ ಸಿಗುವುದು ಒಂದು ಹೊತ್ತಿನ ಟೀ ದುಡ್ಡು. ಪೆಟ್ರೋಲ್ ಒರೆಸಿ, ಆಯಿಲ್ ಸವರಿ, ಬಟ್ಟೆಯಲ್ಲಿ ಸುತ್ತಿ, ಜೆಟ್‌ಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಅಟ್ಟದ ಮೇಲಿಡಿ.