ಪದವಿಯೂ ಮುಂದಿನ ದಾರಿಯೂ

ಕಾಲೇಜು ಪರೀಕ್ಷೆಗಳ ಫಲಿತಾಂಶ ಹೊರಬಿದ್ದ ದಿನಗಳಲ್ಲಿ ಒಂದು ಆದಿತ್ಯವಾರ, ಡೊಂಬಿವಲಿಯ ನಮ್ಮ ಸ್ನೇಹಿತರೊಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗ ಬಿ.ಕಾಂ. ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದ. ಪೇಡೆಯ ಪೊಟ್ಟಣವೂ ಜೊತೆಯಲ್ಲಿತ್ತು. ಕಾಫಿ ಮುಗಿಯುವವರೆಗೆ ಊರಿನ ಮಳೆಯ ಮಾತಾಯಿತು. ಲೋಟ ಕೆಳಗಿಟ್ಟ ಮೇಲೆ ಸ್ನೇಹಿತರು, “ಇವನಿಗೆ ಮುಂದೇನು ಮಾಡಿದರೆ ಒಳ್ಳೆಯದು? ನೀವೇ ಒಂದು ಮಾತು ಹೇಳಿ ಮಾರಾಯರೆ” ಎಂದರು.

ನಾವು ಹುಡುಗನ ಕಡೆಗೆ ತಿರುಗಿ, “ನೀನು ಏನು ಯೋಚನೆ ಮಾಡಿದ್ದೀಯಪ್ಪ?” ಎಂದು ಕೇಳಿದೆವು.

“ರಿಸಲ್ಟ್ ಬರಲಿ, ಆಮೇಲೆ ನೋಡುವ ಅಂತ ಇದ್ದೆ, ಮಾಮ.”

ಈ ಉತ್ತರ ಆ ಹುಡುಗನೊಬ್ಬನದಲ್ಲ. ನಮ್ಮವರ ಎಷ್ಟೋ ಮನೆಗಳಲ್ಲಿ ನಾವು ಇದನ್ನೇ ಕೇಳಿದ್ದೇವೆ. ಮಕ್ಕಳು ಹತ್ತನೆಯ, ಹನ್ನೆರಡನೆಯ ತರಗತಿಯಲ್ಲಿರುವಾಗ ಮನೆಮಂದಿಯೆಲ್ಲ ಅವರೊಡನೆ ಪರೀಕ್ಷೆಗೆ ಕೂತಂತೆ ಇರುತ್ತಾರೆ. ಟೀವಿ ಬಂದ್, ಊರಿನ ಮದುವೆಗೂ ಪ್ರಯಾಣವಿಲ್ಲ. ಕಾಲೇಜಿಗೆ ಸೇರಿದ್ದೇ ತಡ, ‘ಇನ್ನೇನು, ದಡ ಸೇರಿದ’ ಎಂದು ಎಲ್ಲರೂ ಉಸಿರು ಬಿಡುತ್ತಾರೆ. ನಿಜವಾಗಿ ಯೋಚನೆ ಆರಂಭವಾಗಬೇಕಾದುದು ಅಲ್ಲಿಂದ.

ನಮ್ಮ ಸ್ನೇಹಿತರು ಯೋಚನೆಯನ್ನೇ ಮಾಡದವರೆಂದು ಹೇಳಲಾರೆವು. “ಬ್ಯಾಂಕ್ ಪರೀಕ್ಷೆ ಬರೆ, ಬ್ಯಾಂಕ್ ಪರೀಕ್ಷೆ ಬರೆ ಎಂದು ಮೂರು ವರ್ಷದಿಂದ ಹೇಳುತ್ತಲೇ ಇದ್ದೇನೆ” ಎಂದರು ಅವರು. ಅವರೂ ಬ್ಯಾಂಕಿನವರೇ, ಇನ್ನೆರಡು ವರ್ಷಗಳಲ್ಲಿ ನಿವೃತ್ತಿ. ಮನೆಯ ಸಾಲದ ಕಂತು ಇನ್ನೂ ಉಳಿದಿದೆ. ಮಗನಿಗೊಂದು ಭದ್ರವಾದ ನೆಲೆಯಾಗಲಿ ಎಂಬ ಅವರ ಹಂಬಲವನ್ನು ತಪ್ಪೆನ್ನಲಾಗದು.

ಆದರೆ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳ ಕಥೆಯನ್ನೇ ನೋಡಿ. ಉಡುಪಿಯಲ್ಲಿ 1906ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು, ಅಲ್ಲಿಯೇ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು, ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು – ಈ ಮೂರರ ಹೆಸರೂ ಇಂದು ಫಲಕಗಳ ಮೇಲೆ ಇಲ್ಲ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದೊಳಗೆ ಸೇರಿತು. ಮರುವರ್ಷ ಸಿಂಡಿಕೇಟ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದುವು. ನೌಕರರೇನೋ ಹೊಸ ಬ್ಯಾಂಕುಗಳಿಗೆ ಸೇರಿದರು. ಆದರೆ ಒಂದು ಸಂಸ್ಥೆಯ ಹೆಸರನ್ನೇ ಭವಿಷ್ಯವೆಂದು ನಂಬುವ ಕಾಲ ಹೋಯಿತು. ಸಂಸ್ಥೆ ಮಾರ್ಪಟ್ಟರೂ ಕೈಯಲ್ಲಿ ಉಳಿಯುವುದು ಕಲಿತ ಕೆಲಸ.

ಹಾಗಾದರೆ ಯಾವ ಕೆಲಸವನ್ನು ಕಲಿಯಬೇಕು? ಇದಕ್ಕೆ ಉತ್ತರ ಆ ಹುಡುಗನ ಬಾಯಿಂದಲೇ ಬಂದಿತು.

“ನಿನಗೆ ಯಾವ ಕೆಲಸದಲ್ಲಿ ಹೊತ್ತು ಹೋದದ್ದು ತಿಳಿಯುವುದಿಲ್ಲ?” ಎಂದು ಕೇಳಿದೆವು. ಅವನು ತಂದೆಯ ಮುಖ ನೋಡಿದ. ಆಮೇಲೆ ಮೆಲ್ಲನೆ ಹೇಳಿದ: ಎರಡನೆಯ ವರ್ಷದ ರಜೆಯಲ್ಲಿ ಸೋದರಮಾವನ ಹೋಟೆಲಿಗೆ ಹೋಗಿ ಲೆಕ್ಕ ಬರೆಯುತ್ತಿದ್ದನಂತೆ. ಜಿ.ಎಸ್.ಟಿ. ಲೆಕ್ಕದಲ್ಲಿ ಒಂದು ತಪ್ಪನ್ನು ತಾನೇ ಹುಡುಕಿದನಂತೆ. ಕಾಲೇಜು ತೆರೆದ ಮೇಲೂ ಸಂಜೆ ಹೋಗುತ್ತೇನೆಂದಾಗ ತಂದೆ ಬೇಡವೆಂದರಂತೆ.

ಸ್ನೇಹಿತರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೊನೆಗೆ, “ನಮ್ಮ ತಂದೆ ಕೋಟೆ ಭಾಗದ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿದವರು. ನನ್ನ ಮಗ ಮತ್ತೆ ಹೋಟೆಲಿನ ಮೆಟ್ಟಿಲು ಹತ್ತುವುದು ಬೇಡವೆಂದಿತ್ತು. ಅವನು ಲೆಕ್ಕ ಬರೆಯಲು ಹೋಗುತ್ತಿದ್ದನೆಂದು ಆಗ ನನಗೆ ಹೊಳೆಯಲಿಲ್ಲ” ಎಂದರು.

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಹಿರಿಯರನ್ನು ನಮ್ಮ ಓದುಗರು ಬಲ್ಲರು. ಹಗಲು ದುಡಿಮೆ, ರಾತ್ರಿ ಓದು. ಅದು ಬಡತನ ಹೇರಿದ ಕಷ್ಟ. ಅದನ್ನು ನಾವು ಹಾಡಿ ಹೊಗಳುವುದಿಲ್ಲ. ಆದರೆ ಓದು ಒಂದು ಕಡೆ, ಕೆಲಸ ಇನ್ನೊಂದು ಕಡೆ ಎಂಬ ಗೋಡೆ ಅವರಿಗಿರಲಿಲ್ಲ. ಮೊಮ್ಮಕ್ಕಳಿಗೆ ಕಷ್ಟ ತಪ್ಪಿಸಹೊರಟ ನಾವು, ಕೆಲಸದ ರುಚಿ ನೋಡುವ ಅವಕಾಶವನ್ನೂ ತಪ್ಪಿಸಿಬಿಟ್ಟೆವೋ ಏನೋ.

ಆದುದರಿಂದ ಕಾಲೇಜು ವಿದ್ಯಾರ್ಥಿಗಳಿಗೆ ನಮ್ಮ ಮೊದಲ ಮಾತು ಇಷ್ಟೆ: ಉದ್ಯೋಗವನ್ನು ಆರಿಸುವ ಮೊದಲು ಸ್ವಲ್ಪ ಮಾಡಿ ನೋಡಿರಿ. ಮೊದಲ ವರ್ಷ ಕಂಡು ಕೇಳುವುದಕ್ಕೆ. ನಮ್ಮ ಸಂಘದಲ್ಲಿಯೇ ಲೆಕ್ಕಿಗರು, ದಾದಿಯರು, ವಕೀಲರು, ಕಾರಖಾನೆಯವರು ಇದ್ದಾರೆ. ಅವರ ದಿನ ಹೇಗೆ ಕಳೆಯುತ್ತದೆಂದು ಕೇಳಿರಿ. ಎರಡನೆಯ ವರ್ಷ ಕೈಹಚ್ಚುವುದಕ್ಕೆ. ರಜೆಯಲ್ಲಿ ಒಂದು ತಿಂಗಳು, ಸಂಬಳವಿರಲಿ ಇಲ್ಲದಿರಲಿ, ಕೆಲಸದ ನಡುವೆ ಇರಿ. ‘ಇದು ನನ್ನದಲ್ಲ’ ಎಂದು ತಿಳಿದರೆ ಅದೂ ಲಾಭವೇ. ಮೂರನೆಯ ವರ್ಷ ಒಂದು ಮುಖ್ಯ ದಾರಿ, ಅದು ಮುಚ್ಚಿದರೆ ಇನ್ನೊಂದು – ಎರಡನ್ನೂ ತಾರೀಖು ಸಮೇತ ಬರೆದಿಡುವುದಕ್ಕೆ.

ತಾರೀಖಿನ ಮಾತೇಕೆಂದರೆ, ಹಲವು ಬಾಗಿಲುಗಳು ಪದವಿಗೆ ಮೊದಲೇ ತೆರೆಯುತ್ತವೆ. ಚಾರ್ಟರ್ಡ್ ಅಕೌಂಟೆಂಟ್ ಆಗಬಯಸುವವರು ಹನ್ನೆರಡನೆಯ ತರಗತಿ ಮುಗಿಸಿ ಫೌಂಡೇಷನ್ ಪರೀಕ್ಷೆ ಬರೆಯಬಹುದು. ತಪ್ಪಿದವರು ವಾಣಿಜ್ಯ ಪದವಿಯಲ್ಲಿ ಶೇಕಡಾ 55 ಅಂಕ ಪಡೆದು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಇದಕ್ಕೆ ಕೊನೆಯ ವರ್ಷದಲ್ಲಿರುವಾಗಲೇ ತಾತ್ಕಾಲಿಕವಾಗಿ ಹೆಸರು ನೋಂದಾಯಿಸಬಹುದು. ಮೂರು ವರ್ಷವಿದ್ದ ಆರ್ಟಿಕಲ್‌ಶಿಪ್ 2023ರ ಹೊಸ ಯೋಜನೆಯಲ್ಲಿ ಎರಡು ವರ್ಷವಾಗಿದೆ. ಗೇಟ್ ಪರೀಕ್ಷೆ ಎಂಜಿನಿಯರಿಂಗಿನವರ ಸೊತ್ತೆಂದು ತಿಳಿಯಬೇಡಿ. ವಿಜ್ಞಾನ, ವಾಣಿಜ್ಯ, ಕಲಾ ಪದವಿಗಳವರೂ ಮೂರನೆಯ ವರ್ಷದಲ್ಲಿ ಬರೆಯಬಹುದು. ಅಂಕ ಮೂರು ವರ್ಷ ನಡೆಯುತ್ತದೆ. ಐ.ಎ.ಎಸ್. ಮೊದಲಾದ ಸೇವೆಗಳ ಪೂರ್ವಭಾವಿ ಪರೀಕ್ಷೆಗೆ ವಯಸ್ಸು 21 ತುಂಬಿದ್ದರೆ ಕೊನೆಯ ವರ್ಷದ ವಿದ್ಯಾರ್ಥಿಯೂ ಕೂರಬಹುದು. ಸಾಮಾನ್ಯ ವರ್ಗದವರಿಗೆ ಆರೇ ಅವಕಾಶಗಳು. ಸಿದ್ಧತೆಯಿಲ್ಲದೆ ಒಂದನ್ನು ಕಳೆದುಕೊಳ್ಳಬಾರದು.

ಕೈಕೆಲಸ ಕಲಿಯಬಯಸುವವರಿಗೆ ಅಪ್ರೆಂಟಿಸ್ ತರಬೇತಿಯಿದೆ. 1961ರ ಕಾಯಿದೆಯಿಂದ ಆರಂಭವಾದ ಈ ಏರ್ಪಾಡು ಈಗ ಎಂಜಿನಿಯರಿಂಗ್ ಅಲ್ಲದ ಪದವೀಧರರಿಗೂ ತೆರೆದಿದೆ. ಕಲಿಯುವಾಗಲೇ ಸ್ಟೈಪೆಂಡ್ ಸಿಗುತ್ತದೆ. ಮನೆಯಲ್ಲಿಯೇ ಕೂತು ಕಲಿಯುವವರಿಗೆ 2017ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಸ್ವಯಂ’ ಇದೆ. ಪಾಠ ಉಚಿತ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವವರಿಗೆ ಮಾತ್ರ ಶುಲ್ಕ. ಇದನ್ನು ಪಡೆಯಲು ದೊಡ್ಡ ಕಾಲೇಜಿನ ಹೆಸರು ಬೇಕಿಲ್ಲ.

ಹೊರನಾಡಿನ ನಮ್ಮ ಮಕ್ಕಳ ಕೈಯಲ್ಲಿ ಇನ್ನೊಂದು ಬಂಡವಾಳವಿದೆ, ನಾವೇ ಅದನ್ನು ಮರೆತಿದ್ದೇವೆ. ಸರಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗೆ ಅರ್ಜಿ ಹಾಕುವವರಿಗೆ ಆಯಾ ರಾಜ್ಯದ ಭಾಷೆಯನ್ನು ಓದಲು, ಬರೆಯಲು, ಮಾತಾಡಲು ಬರಬೇಕು. ಪುಣೆಯಲ್ಲಿ ಬೆಳೆದು ಮರಾಠಿ ಕಲಿತ ಹುಡುಗಿ ಕನ್ನಡವನ್ನೂ ಓದಿ ಬರೆಯಬಲ್ಲಳಾದರೆ ಅವಳಿಗೆ ಮಹಾರಾಷ್ಟ್ರ, ಕರ್ನಾಟಕಗಳೆರಡರ ಆಯ್ಕೆಯೂ ಇದೆ. ಐ.ಎ.ಎಸ್. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು. ಮನೆಯಲ್ಲಿ ಕನ್ನಡ ಮಾತಾಡುತ್ತೇವೆ ಎಂದರೆ ಸಾಲದು. ಅಕ್ಷರವೂ ಬರಬೇಕು. ರಜೆಯಲ್ಲಿ ಅಜ್ಜಿಯ ಬಳಿ ಕೂತು ಓದಲು ಕಲಿತ ಕನ್ನಡ ಒಂದು ದಿನ ಅನ್ನಕ್ಕೂ ದಾರಿಯಾದೀತು.

ತಾಯ್ತಂದೆಗಳಿಗೂ ಒಂದು ಮಾತು. ಮನೆಯ ಲೆಕ್ಕವನ್ನು ಮಕ್ಕಳಿಂದ ಮುಚ್ಚಿಡಬೇಡಿ. ‘ಪದವಿಯ ಮೇಲೆ ಎರಡು ವರ್ಷ ನಿನ್ನನ್ನು ಓದಿಸಬಲ್ಲೆವು, ಆಮೇಲೆ ನಮ್ಮಿಂದಾಗದು’ ಎಂದು ಮೊದಲನೆಯ ವರ್ಷವೇ ಹೇಳಿದರೆ ಮಕ್ಕಳು ನೊಂದುಕೊಳ್ಳುವುದಿಲ್ಲ. ಅದಕ್ಕೆ ತಕ್ಕಂತೆ ಹೆಜ್ಜೆ ಇಡುತ್ತಾರೆ. ನಿವೃತ್ತಿಯ ದಿನ ಹತ್ತಿರವಾದಾಗ ಥಟ್ಟನೆ ಕೇಳಿದರೆ ಅದು ಅವರಿಗೆ ಸಿಡಿಲಿನಂತಾಗುತ್ತದೆ. ಇನ್ನೊಂದು: ಮಗ ಅಥವಾ ಮಗಳು ಯಾವುದಾದರೂ ಕೆಲಸ ಇಷ್ಟವೆಂದರೆ, ಬೇಡವೆನ್ನುವ ಮೊದಲು, ಅದರಲ್ಲಿ ಅವರಿಗೆ ಹಿಡಿಸಿದ್ದು ಏನೆಂದು ಕೇಳಿರಿ. ಹೋಟೆಲು ಎಂಬ ಒಂದು ಶಬ್ದ ನಮ್ಮ ಸ್ನೇಹಿತರ ಕಿವಿಗೆ ಬಿದ್ದಿತು; ಲೆಕ್ಕ ಎಂಬುದು ಬೀಳಲಿಲ್ಲ.

ಆ ದಿನ ತಂದೆ ಮಗ ಇಬ್ಬರೂ ನಮ್ಮ ಮೇಜಿನ ಮೇಲೆ ಒಂದು ಹಾಳೆ ಇಟ್ಟುಕೊಂಡು ಕೂತರು. ಈಗ ಹುಡುಗ ಇಂಟರ್‌ಮೀಡಿಯೆಟ್‌ಗೆ ಹೆಸರು ಹಚ್ಚಿದ್ದಾನೆ. ಸಂಜೆ ಮಾವನ ಹೋಟೆಲಿನ ಲೆಕ್ಕ ನೋಡಿ ತನ್ನ ಶುಲ್ಕಕ್ಕೆ ತಾನೇ ದುಡಿಯುತ್ತಾನೆ. ಬ್ಯಾಂಕ್ ಪರೀಕ್ಷೆಯನ್ನೂ ಬರೆಯುತ್ತಾನೆ. ಅದು ಎರಡನೆಯ ದಾರಿ. ಅವನು ಗೆದ್ದೇ ಗೆಲ್ಲುತ್ತಾನೆಂದು ನಾವು ಭವಿಷ್ಯ ನುಡಿಯುವುದಿಲ್ಲ. ಆ ಪರೀಕ್ಷೆಗಳು ಸುಲಭವಲ್ಲ. ಆದರೆ ಮೊನ್ನೆ ಫೋನಿನಲ್ಲಿ ಅವನ ತಂದೆ, “ಮೂರು ವರ್ಷ ಮೊದಲೇ ಆ ಹಾಳೆಯ ಮುಂದೆ ಕೂತಿದ್ದರೆ ಚೆನ್ನಾಗಿತ್ತು” ಎಂದರು.

ಈ ಸಂಚಿಕೆ ಕೈಸೇರುವ ಹೊತ್ತಿಗೆ ಹಲವು ಮನೆಗಳಲ್ಲಿ ಮೊದಲನೆಯ ವರ್ಷದ ವಿದ್ಯಾರ್ಥಿಗಳು ಇದ್ದಾರು. ಓದುಗ ಬಂಧುಗಳೆ, ಇಂದು ಸಂಜೆಯ ಊಟವಾದ ಮೇಲೆ ಒಂದು ಹಾಳೆಯನ್ನು ತೆಗೆದಿಡಿ. ಎಲ್ಲರೂ ಕೂತು ಬರೆಯಿರಿ.