ಹೊಸ ಕಪ್ಪು ಬಳಿಯುವ ಮುಂಚೆ ಹಳೆಯದನ್ನು ಕೆರೆಯಿರಿ

ಅಂಬಾಸಿಡರ್ ತಯಾರಿಕೆ ನಿಂತಿದ್ದು 2014ರಲ್ಲಿ. ಆದರೂ ನಮ್ಮ ಊರುಗಳಲ್ಲಿ ಅದರ ಮೋಹ ಹೋಗಿಲ್ಲ. ಅಪ್ಪನ ಕಾಲದ ಕಾರನ್ನು ಮತ್ತೆ ರಸ್ತೆಗೆ ಇಳಿಸಬೇಕೆನ್ನುವವರು ಈಗಲೂ ಇದ್ದಾರೆ. ಆದರೆ ದುಡ್ಡೆಲ್ಲ ಹೋಗುವುದು ಮೇಲಿನ ಪೇಂಟು, ಸೀಟು, ಬಂಪರಿಗೆ. ಅಡಿಭಾಗಕ್ಕೆ ಹಳೆಯ ಟಾರಿನ ಮೇಲೆಯೇ ಇನ್ನೊಂದು ಕೋಟ್ ಕಪ್ಪು ಹೊಡೆದು ಕೈತೊಳೆದುಕೊಳ್ಳುತ್ತಾರೆ. ಇದು ರಿಪೇರಿಯಲ್ಲ, ತುಕ್ಕು ಮುಚ್ಚಿಡುವ ಕೆಲಸ ಎನ್ನುತ್ತೇವೆ ನಾವು.

ಹಳೆಯ ಅಂಡರ್‌ಕೋಟಿಂಗ್ ವರ್ಷ ಕಳೆದಂತೆ ಒಣಗಿ ಬಿರುಕು ಬಿಡುತ್ತದೆ. ಬಿರುಕಿನೊಳಗೆ ಹೋದ ನೀರು ಹೊರಗೆ ಬರುವುದಿಲ್ಲ. ಮೇಲೆ ಕಪ್ಪಗೆ ಚಂದ, ಒಳಗೆ ತಗಡು ಹಪ್ಪಳ. ಅಂಬಾಸಿಡರಿಗೆ ಲಾರಿಯಂತೆ ಬೇರೆ ಚಾಸಿಸ್ ಇಲ್ಲ. ಬಾಡಿಯೇ ಭಾರ ಹೊರುತ್ತದೆ. ಅಡಿ ತಿಂದುಹೋದರೆ ಕಾರಿನ ಬಲವೇ ಹೋದಂತೆ.

ಹಾಗಂತ ಎಲ್ಲವನ್ನೂ ಕೆರೆಯಬೇಕಿಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿಯಾಗಿ ಅಂಟಿಕೊಂಡಿದ್ದರೆ ಇರಲಿ. ಪೊಳ್ಳು ಸದ್ದು ಬಂದಲ್ಲಿ, ಉಬ್ಬಿದಲ್ಲಿ ತೆಗೆಯಲೇಬೇಕು. ಹೀಟ್ ಗನ್‌ನಿಂದ ಸ್ವಲ್ಪ ಬಿಸಿ ಮಾಡಿದರೆ ಟಾರು ಮೆತ್ತಗಾಗಿ ಸ್ಕ್ರೇಪರಿಗೆ ಬರುತ್ತದೆ. ಆಮೇಲೆ ತುಕ್ಕು ಉಜ್ಜಿ, ತೂತಿದ್ದಲ್ಲಿ ಹೊಸ ತಗಡು ವೆಲ್ಡ್ ಮಾಡಿ, ಪ್ರೈಮರ್ ಹೊಡೆದು, ಕೊನೆಗೆ ಹೊಸ ಕೋಟ್. ನೀರು ಇಳಿಯುವ ಸಣ್ಣ ತೂತುಗಳನ್ನು ಮಾತ್ರ ಮುಚ್ಚಬೇಡಿ.

ನಮ್ಮ ದೊಡ್ಡ ತಕರಾರು ಇರುವುದು ಈ ಕೆಲಸ ನಡೆಯುವ ರೀತಿಯ ಬಗ್ಗೆ. ಬರೀ ಜಾಕ್ ಮೇಲೆ ನಿಂತ ಕಾರಿನಡಿ ಹುಡುಗನೊಬ್ಬ ಮಲಗಿರುತ್ತಾನೆ. ಕಣ್ಣಿಗೆ ಕನ್ನಡಕವಿಲ್ಲ, ಮೂಗಿಗೆ ಹೆಚ್ಚೆಂದರೆ ಕರ್ಚೀಫು. ಹಳೆಯ ಕೆಲವು ಅಂಡರ್‌ಕೋಟಿಂಗ್‌ಗಳಲ್ಲಿ ಕಲ್ನಾರು, ಹಳೆಯ ಪೇಂಟಿನಲ್ಲಿ ಸೀಸ ಇರುತ್ತಿತ್ತು. ಗ್ರೈಂಡರ್ ಹಚ್ಚಿದರೆ ಆ ಧೂಳು ನೇರ ಶ್ವಾಸಕೋಶಕ್ಕೆ. ಪೆಟ್ರೋಲ್ ಟ್ಯಾಂಕಿನ ಪಕ್ಕ ಗ್ಯಾಸ್ ಬೆಂಕಿ ಹಿಡಿಯುವುದಂತೂ ಹುಚ್ಚುತನ. ಟ್ಯಾಂಕ್ ಬಿಚ್ಚಿ ದೂರವಿಡಿ, ಬ್ಯಾಟರಿ ತೆಗೆಯಿರಿ, ಕಾರಿನಡಿ ಗಟ್ಟಿ ಸ್ಟ್ಯಾಂಡ್ ಕೊಡಿ. ಧೂಳೇಳದಂತೆ ಒದ್ದೆ ಮಾಡಿ ಕೆರೆಯಿರಿ. ತೆಗೆದ ಕಸವನ್ನು ಕಾಲುವೆಗೆ ಎಸೆಯಬೇಡಿ, ಸುಡಲೂಬೇಡಿ.

ಇದಕ್ಕೆಲ್ಲ ಹೆಚ್ಚು ದಿನ, ಹೆಚ್ಚು ಕೂಲಿ ಬೇಕು, ನಿಜ. ಗ್ಯಾರೇಜಿನವರು ಕೇಳಿದರೆ ಚೌಕಾಸಿ ಮಾಡದೆ ಕೊಡಿ. ಒಳ್ಳೆಯ ಮಾಸ್ಕು, ಕನ್ನಡಕದ ಖರ್ಚನ್ನೂ ಮಾಲೀಕರೇ ಹೊರಲಿ. ಹಳೇ ಕಾರು ಕೊಳ್ಳುವವರು ಹೊಸದಾಗಿ ಮಿಂಚುವ ಅಡಿಭಾಗ ಕಂಡರೆ ಖುಷಿಪಡಬೇಡಿ. ಕೆರೆದಾಗ ತೆಗೆದ ಫೋಟೊ ಎಲ್ಲಿದೆ ಎಂದು ಮೊದಲು ಕೇಳಿ.